ಅಬಿಡ್ಸ್ ಫುಟ್‌ಪಾತಿನ ಪುಸ್ತಕ, ಅಪಾಚೆ ಮಾಡ್ಯೂಲು ಮತ್ತು ಒಂದು ತಂಗಳು ಪುಟ

ಕಳೆದ ಭಾನುವಾರ ಚಾನೆಲ್ಲಿನಲ್ಲಿ ಹಾಕಿದ ಮಾತಿನ ಬರಹರೂಪ ಇದು. ಮಾತಾಡುವಾಗ ಒಂದೆರಡು ಕಡೆ ಇಸವಿ ಹಿಂದೆಮುಂದೆ ಆಗಿತ್ತು, ಇಲ್ಲಿ ಸರಿ ಮಾಡಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದ್ದು, ನಾನು ಎದ್ದುಹೋಗಿದ್ದು, ಅದೆಲ್ಲ ತೆಗೆದಿದ್ದೇನೆ.

ವಿಷಯ ವೆಬ್ ಸರ್ವರಿನದು. ಪುಟ ಬೇಗ ತೆರೆಯಲಿ ಅಂತ ಸರ್ವರಿನ ಒಳಗೇ ಕೂರಿಸುತ್ತಿದ್ದ ಒಂದು ಮಾಡ್ಯೂಲಿನ ಕತೆ. "ಇತಿಹಾಸದ ಚಾನೆಲ್ಲಿನಲ್ಲಿ ಇದೇನ್ರೀ ಅಪಾಚೆ ಕಾನ್ಫಿಗರೇಶನ್ನು" ಅಂತ ಕೆಲವರು ಕೇಳ್ತೀರಿ, ಗೊತ್ತು. ನಾವು ಬಹಮನಿ ಸುಲ್ತಾನರ ಬಗ್ಗೆ ಮಾತಾಡಿದ್ದೇವೆ, ರಾಯಚೂರಿನ ಕೋಟೆ ಬಗ್ಗೆ ಮಾತಾಡಿದ್ದೇವೆ. ಆದರೆ ಇದನ್ನು ಕೇಳ್ತಾ ಇರೋ ಅರ್ಧಕ್ಕರ್ಧ ಜನ ಗಚ್ಚಿಬೌಲಿ, ಮಾದಾಪುರದ ಆಫೀಸುಗಳಲ್ಲಿ, ಇಲ್ಲವೇ ಪುಣೆ, ಡಲ್ಲಾಸ್, ಲಂಡನ್ನಿನಲ್ಲಿ ಕೂತು ಇದೇ ಕೆಲಸ ಮಾಡೋರು. ನಮ್ಮ ಕಸುಬಿಗೂ ಒಂದು ಇತಿಹಾಸ ಇದೆ. ಅದು ಶಾಸನದ ಥರ ಕಲ್ಲಿನ ಮೇಲೆ ಇಲ್ಲ, ಹಳೇ ರಿಲೀಸ್ ನೋಟುಗಳಲ್ಲಿ ಇದೆ. ಕಲ್ಲಿಗಿಂತ ಬೇಗ ಅಳಿಸಿಹೋಗುತ್ತೆ.

ಶುರು ಮಾಡೋದು ಅಬಿಡ್ಸಿನಿಂದ. ಹೈದರಾಬಾದಿಗೆ ಹೊಸದಾಗಿ ಬಂದೋರಿಗೆ ಹೇಳ್ತೀನಿ: ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ ಹೇಗೋ, ಹಳೇ ಪುಸ್ತಕಕ್ಕೆ ಇಲ್ಲಿ ಅಬಿಡ್ಸ್ ಹಾಗೆ. ಭಾನುವಾರ ಅಂಗಡಿಗಳು ಬಾಗಿಲು ಹಾಕುತ್ತವೆ, ಅವುಗಳ ಮುಂದಿನ ಫುಟ್‌ಪಾತ್ ಪೂರ್ತಿ ಪುಸ್ತಕ ಹರಡಿಕೊಳ್ಳುತ್ತದೆ. ಇಂಜಿನಿಯರಿಂಗ್ ಗೈಡು, ಉರ್ದು ಶಾಯರಿ, ಹಳೇ ರೀಡರ್ಸ್ ಡೈಜೆಸ್ಟ್, ಅದರ ಪಕ್ಕದಲ್ಲೇ ಕಂಪ್ಯೂಟರ್ ಪುಸ್ತಕ. ಕಂಪ್ಯೂಟರ್ ಪುಸ್ತಕದ ರಾಶಿ ನೋಡಿದರೆ ನಗರದಲ್ಲಿ ಐದು ವರ್ಷದ ಹಿಂದೆ ಯಾವ ಟೆಕ್ನಾಲಜಿಗೆ ಬೇಡಿಕೆ ಇತ್ತು ಅಂತ ಹೇಳಿಬಿಡಬಹುದು. ಬಿಟ್ಟುಹೋದ ಕೆಲಸಗಳ ಪದರ ಅದು, ಒಂದರ ಮೇಲೊಂದು.

ಈ ಜಾಗಕ್ಕೆ ಹೆಸರು ಬಂದಿದ್ದು ಆಲ್ಬರ್ಟ್ ಆಬಿದ್ ಅನ್ನೋ ಅರ್ಮೇನಿಯನ್ ಮನುಷ್ಯನಿಂದ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಖಾಸಾ ಸೇವಕ, ನಿಜಾಮರ ಉಡುಗೆತೊಡುಗೆಯ ಉಸ್ತುವಾರಿ. ಆಮೇಲೆ ಇಲ್ಲೇ ಒಂದು ದೊಡ್ಡ ಅಂಗಡಿ ಇಟ್ಟ. 1891ರಲ್ಲಿ ಕೋರ್ಟು ಮೆಟ್ಟಿಲೇರಿದ ಜಾಕಬ್ ವಜ್ರದ ವ್ಯವಹಾರದಲ್ಲೂ ಮಧ್ಯವರ್ತಿಯಾಗಿ ಇವನ ಹೆಸರು ಬರುತ್ತೆ. ಆ ವಜ್ರದ ಕತೆಗೆ ಇಳಿದರೆ ಇವತ್ತು ಅಪಾಚೆ ತನಕ ಬರೋದೇ ಇಲ್ಲ, ಬಿಡಿ. ಅದೇ 1891ರಲ್ಲಿ ಸೈಯದ್ ಹುಸೇನ್ ಬಿಲ್ಗ್ರಾಮಿ ಅವರು ಆಸಫಿಯಾ ಗ್ರಂಥಾಲಯ ಶುರು ಮಾಡಿದರು. ಅಫ್ಜಲ್‌ಗಂಜಿನಲ್ಲಿ ಮೂಸಿ ದಂಡೆಯ ಮೇಲೆ ಈಗ ಕಾಣುತ್ತಲ್ಲ ಆ ಭವ್ಯ ಕಟ್ಟಡ, ಅಲ್ಲಿಗೆ ಅದು ಹೋಗಿದ್ದು 1936ರಲ್ಲಿ. ಅದಕ್ಕೆ ಮೊದಲು ಗ್ರಂಥಾಲಯ ಇದ್ದದ್ದು ಅಬಿಡ್ಸಿನಲ್ಲೇ. ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವು. ಓದಬೇಕು, ಅರ್ಜಿ ಹಾಕಬೇಕು, ಕೋರ್ಟಿಗೆ ಹೋಗಬೇಕು ಅಂದರೆ ನಮ್ಮ ಅಜ್ಜಂದಿರು ಬರುತ್ತಿದ್ದದ್ದು ಈ ಊರಿಗೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಇವೆಲ್ಲ ಆ ನಂಟಿನ ಗುರುತುಗಳು. ಹಾಗಾಗಿ ಕನ್ನಡದವರು ಇಲ್ಲಿಗೆ ಐಟಿ ಜೊತೆ ಬಂದರು ಅನ್ನೋ ಮಾತು ಅರ್ಧ ಮಾತ್ರ ನಿಜ.

ನಾನು ಐಟಿ ಜೊತೆ ಬಂದವನೇ. 2009ರಲ್ಲಿ. ಅದರ ಎರಡು ವರ್ಷಕ್ಕೆ ಅಬಿಡ್ಸ್ ಫುಟ್‌ಪಾತಿನಲ್ಲಿ ನೂರಿಪ್ಪತ್ತು ರೂಪಾಯಿಗೆ ಒಂದು ತೆಳು ಪುಸ್ತಕ ಸಿಕ್ಕಿತು. ಮುಖಪುಟದಲ್ಲಿ ಗ್ರೇಹೌಂಡ್ ನಾಯಿ. ಸ್ಟೀವ್ ಸೌಡರ್ಸ್ ಬರೆದ 'ಹೈ ಪರ್ಫಾರ್ಮೆನ್ಸ್ ವೆಬ್ ಸೈಟ್ಸ್', 2007ರದು. ಸೌಡರ್ಸ್ ಆಗ ಯಾಹೂನಲ್ಲಿ ಇದ್ದರು. ಪುಸ್ತಕದ ಒಟ್ಟು ವಾದ ಏನು ಅಂದರೆ, ಪುಟ ತೆರೆಯೋಕೆ ಬಳಕೆದಾರ ಕಾಯುವ ಹೊತ್ತಿನಲ್ಲಿ ಶೇಕಡಾ 80ರಿಂದ 90 ಭಾಗ ಸರ್ವರ್ ಎಚ್‌ಟಿಎಂಎಲ್ ತಯಾರಿಸೋಕೆ ಹೋಗೋದಲ್ಲ. ಆಮೇಲೆ ಚಿತ್ರ, ಸ್ಟೈಲ್‌ಶೀಟು, ಸ್ಕ್ರಿಪ್ಟು ಇವನ್ನೆಲ್ಲ ಬ್ರೌಸರ್ ಒಂದೊಂದಾಗಿ ತರಿಸಿಕೊಳ್ಳೋಕೆ ಹೋಗುತ್ತೆ. ನಾವು ಅಷ್ಟೂ ದಿನ ಡೇಟಾಬೇಸ್ ಕ್ವೆರಿ ತಿದ್ದುತ್ತಾ ಕೂತಿದ್ದೆವು. ಅವರು ಹದಿನಾಲ್ಕು ನಿಯಮ ಕೊಟ್ಟರು: ರಿಕ್ವೆಸ್ಟ್ ಕಡಿಮೆ ಮಾಡಿ, ಜಿಜಿಪ್ ಮಾಡಿ, ದೂರದ ಎಕ್ಸ್‌ಪೈರ್ಸ್ ದಿನಾಂಕ ಹಾಕಿ, ಸ್ಕ್ರಿಪ್ಟನ್ನು ಪುಟದ ಕೆಳಗೆ ಇಡಿ, ಹೀಗೆ. ಅದೇ ವರ್ಷ ಯಾಹೂ ವೈಸ್ಲೋ ಅನ್ನೋ ಪರೀಕ್ಷಾ ಸಲಕರಣೆ ಬಿಟ್ಟಿತು. 2009ರಲ್ಲಿ ಗೂಗಲ್ ತನ್ನ ಪೇಜ್ ಸ್ಪೀಡ್ ಆಡ್-ಆನ್ ಬಿಟ್ಟಿತು. 2010ರ ಏಪ್ರಿಲ್‌ನಲ್ಲಿ ಹುಡುಕಾಟದ ಶ್ರೇಣಿಗೂ ವೇಗವನ್ನು ಲೆಕ್ಕಕ್ಕೆ ತಗೋತೀವಿ ಅಂತ ಗೂಗಲ್ ಹೇಳಿದ ಮೇಲೆ ಮ್ಯಾನೇಜರುಗಳಿಗೂ ಈ ವಿಷಯ ಅರ್ಥ ಆಯಿತು.

ಸಮಸ್ಯೆ ಏನಪ್ಪಾ ಅಂದರೆ, ನಿಯಮ ಹೇಳೋದು ಸುಲಭ, ಪಾಲಿಸೋದು ಬೇಸರದ ಕೆಲಸ. ಪ್ರತಿ ಚಿತ್ರ ಕುಗ್ಗಿಸಿ, ಪ್ರತಿ ಫೈಲಿನ ಹೆಸರಿಗೆ ವರ್ಶನ್ ಸೇರಿಸಿ, ಟೆಂಪ್ಲೇಟ್ ತಿದ್ದಿ. ದೊಡ್ಡ ಕಂಪನಿಗಳಿಗೆ ಇದಕ್ಕೇ ಒಂದು ಟೀಮು. ಕನ್ನಡ ಸಂಘದ ಸೈಟಿಗೆ ಯಾರಿದ್ದಾರೆ?

ಅಲ್ಲಿಗೆ ಬಂತು ಮಾಡ್‌ಪೇಜ್‌ಸ್ಪೀಡ್. 2010ರ ನವೆಂಬರ್ ಮೊದಲ ವಾರ. ಗೂಗಲ್ ಓಪನ್ ಸೋರ್ಸ್ ಆಗಿ ಬಿಟ್ಟ ಅಪಾಚೆ ಮಾಡ್ಯೂಲು. ಜೋಶುವಾ ಮರಾಂಟ್ಜ್ ಮತ್ತು ಅವರ ಜೊತೆಗಾರರ ಕೆಲಸ. ಶುರುವಿನಲ್ಲೇ ಹದಿನೈದಕ್ಕೂ ಹೆಚ್ಚು ಫಿಲ್ಟರ್ ಇದ್ದವು. ಅದರ ಪ್ರತಿಜ್ಞೆ ಒಂದೇ: ನಿಮ್ಮ ಪುಟದ ಒಂದು ಅಕ್ಷರವನ್ನೂ ನೀವು ಮುಟ್ಟಬೇಡಿ, ಹೊರಗೆ ಹೋಗುವ ಬಾಗಿಲಲ್ಲಿ ನಿಂತು ನಾನೇ ತಿದ್ದಿ ಕಳಿಸ್ತೀನಿ. ಒಂದು ಡೆಬ್ ಫೈಲು ಇಳಿಸಿಕೊಂಡು, ಡಿಪಿಕೆಜಿ ಓಡಿಸಿ, ಅಪಾಚೆ ರೀಸ್ಟಾರ್ಟ್ ಮಾಡಿದರೆ ಮುಗೀತು.

ಅದು ಕೆಲಸ ಮಾಡುತ್ತಿದ್ದ ರೀತಿ ನನಗೆ ಇವತ್ತಿಗೂ ಇಷ್ಟ, ಸ್ವಲ್ಪ ವಿವರವಾಗಿ ಹೇಳ್ತೀನಿ. ಮೊದಲ ಸಲ ಯಾರಾದರೂ ಪುಟ ಕೇಳಿದಾಗ ಮಾಡ್ಯೂಲು ಎಚ್‌ಟಿಎಂಎಲ್ ಓದುತ್ತಾ ಹೋಗುತ್ತೆ. ಒಂದು ಚಿತ್ರ ಕಂಡಿತು ಅನ್ನಿ. ಅದನ್ನು ಕುಗ್ಗಿಸೋಕೆ ಹಿನ್ನೆಲೆಯಲ್ಲಿ ಕೆಲಸ ಹಚ್ಚುತ್ತೆ. ಆದರೆ ಕಾಯೋದಿಲ್ಲ: ಗಡುವು ಬರೀ ಹತ್ತು ಮಿಲಿಸೆಕೆಂಡು. ಅಷ್ಟರಲ್ಲಿ ಆಗಲಿಲ್ಲ ಅಂದರೆ ಹಳೇ ಚಿತ್ರದ ವಿಳಾಸವನ್ನೇ ಬಿಟ್ಟು ಪುಟ ಕಳಿಸಿಬಿಡುತ್ತೆ. ಕುಗ್ಗಿಸಿದ ಚಿತ್ರ ತಯಾರಾದ ಮೇಲೆ ಸರ್ವರಿನ ಡಿಸ್ಕಿನಲ್ಲಿ ಒಂದು ಕ್ಯಾಶ್ ಡೈರೆಕ್ಟರಿಯಲ್ಲಿ ಇಟ್ಟುಕೊಳ್ಳುತ್ತೆ. ಮುಂದಿನವರು ಕೇಳಿದಾಗ ಪುಟದೊಳಗೆ ಆ ಚಿತ್ರದ ವಿಳಾಸವೇ ಬದಲಾಗಿರುತ್ತೆ: ಹೆಸರಿನ ಮಧ್ಯೆ 'ಪೇಜ್‌ಸ್ಪೀಡ್', ಆಮೇಲೆ ಎರಡಕ್ಷರದ ಸಂಕೇತ, ಚಿತ್ರಕ್ಕೆ 'ಐಸಿ', ಸ್ಟೈಲ್‌ಶೀಟಿಗೆ 'ಸಿಎಫ್', ಅದರ ಪಕ್ಕ ಫೈಲಿನ ಒಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿದ ಒಂದು ಹ್ಯಾಶ್.

ಕುಶಲ ಇರೋದು ಆ ಹ್ಯಾಶಿನಲ್ಲಿ. ಚಿತ್ರ ಬದಲಾದರೆ ಹ್ಯಾಶ್ ಬದಲಾಗುತ್ತೆ, ಹ್ಯಾಶ್ ಬದಲಾದರೆ ವಿಳಾಸವೇ ಬೇರೆ. ಹಾಗಾಗಿ ಒಂದು ವಿಳಾಸದಲ್ಲಿರುವ ವಸ್ತು ಎಂದೂ ಹಳಸೋದಿಲ್ಲ. ಬ್ರೌಸರಿಗೆ ಧೈರ್ಯವಾಗಿ "ಇದನ್ನು ಒಂದು ವರ್ಷ ಇಟ್ಟುಕೋ" ಅಂತ ಹೇಳಬಹುದು. ಆದರೆ ಆ ವಿಳಾಸಗಳನ್ನು ಹೊತ್ತ ಎಚ್‌ಟಿಎಂಎಲ್ ಪುಟ ಮಾತ್ರ ಪ್ರತಿ ಸಲ ಹೊಸದಾಗಿ ಬರಬೇಕು. ಅದಕ್ಕೇ ಮಾಡ್ಯೂಲು ಪುಟದ ಹೆಡರನ್ನು ತಾನೇ ಬದಲಾಯಿಸಿ 'ಮ್ಯಾಕ್ಸ್-ಏಜ್ ಸೊನ್ನೆ, ನೋ-ಕ್ಯಾಶ್' ಅಂತ ಹಾಕುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ಹೀಗೆ ಹೇಳ್ತೀನಿ. ಖಡಕ್ ರೊಟ್ಟಿ ಮಾಡಿಟ್ಟರೆ ತಿಂಗಳುಗಟ್ಟಲೆ ಇರುತ್ತೆ, ಹೈದರಾಬಾದಿನ ಪೀಜಿಯ ಕಬೋರ್ಡಿನಲ್ಲೂ ಇರುತ್ತೆ. ಅನ್ನ ಅವತ್ತಿಂದು ಅವತ್ತೇ. ಚಿತ್ರ, ಸ್ಟೈಲ್‌ಶೀಟು ರೊಟ್ಟಿ, ಪುಟ ಅನ್ನ. ಎರಡಕ್ಕೂ ಒಂದೇ ಡಬ್ಬಿ ಮಾಡಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಕ್ಯಾಶ್ ಅನ್ನೋ ಆಲೋಚನೆ ಗೂಗಲ್ಲಿನದಲ್ಲ. 1994ರಲ್ಲೇ ಸರ್ನ್ ಪ್ರಯೋಗಾಲಯದ ಪ್ರಾಕ್ಸಿ ಸರ್ವರಿನಲ್ಲಿ ಕ್ಯಾಶ್ ಇತ್ತು. ಅಪಾಚೆ ಬಂದಿದ್ದು 1995ರಲ್ಲಿ. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ 'ಎಕ್ಸ್‌ಪೈರ್ಸ್' ಇತ್ತು, 'ಇಫ್-ಮಾಡಿಫೈಡ್-ಸಿನ್ಸ್' ಇತ್ತು. ಎಕ್ಸ್‌ಪೈರ್ಸ್ ಅಂದರೆ ಇಂಥ ದಿನ ಇಷ್ಟು ಗಂಟೆಗೆ ಹಳಸುತ್ತೆ ಅನ್ನೋ ಚೀಟಿ. ಇದಕ್ಕೆ ಸರ್ವರಿನ ಗಡಿಯಾರ, ನಿಮ್ಮ ಗಡಿಯಾರ ಎರಡೂ ಸರಿ ಇರಬೇಕು. ಸೈಬರ್ ಕೆಫೆ ಮಷಿನ್ನುಗಳಲ್ಲಿ ಸೀಮಾಸ್ ಬ್ಯಾಟರಿ ಸತ್ತು ದಿನಾಂಕ ತಪ್ಪಾಗಿರುತ್ತಿದ್ದದ್ದು ನೆನಪಿದೆಯಾ? ಅಲ್ಲಿ ಈ ಲೆಕ್ಕವೆಲ್ಲ ಕೆಡುತ್ತಿತ್ತು. 1997ರ ಜನವರಿಯಲ್ಲಿ ಎಚ್‌ಟಿಟಿಪಿ 1.1ರ ಮೊದಲ ದಾಖಲೆ ಬಂತು, ರಾಯ್ ಫೀಲ್ಡಿಂಗ್ ಮತ್ತು ಇತರರು ಬರೆದದ್ದು. ಅದರಲ್ಲಿ 'ಕ್ಯಾಶ್-ಕಂಟ್ರೋಲ್' ಬಂತು: ಗಡಿಯಾರದ ಹಂಗು ಬೇಡ, ಇಷ್ಟು ಸೆಕೆಂಡು ಇಟ್ಟುಕೋ. 1996ರಲ್ಲಿ ಸ್ಕ್ವಿಡ್ ಬಂದಿತ್ತು. ನಮ್ಮಲ್ಲಿ ಸಣ್ಣ ಆಫೀಸು, ಕಾಲೇಜು ಲ್ಯಾಬುಗಳಲ್ಲಿ ಒಂದೇ ಲೈನಿನ ಮೇಲೆ ನಲವತ್ತು ಜನ ಕೂರೋಕೆ ಸ್ಕ್ವಿಡ್ಡೇ ದಿಕ್ಕು. 1998ರಲ್ಲಿ ಅಕಮೈ ಕಂಪನಿ ಶುರುವಾಯಿತು. ಅದೇ 1998ರ ಕೊನೆಗೆ ಇಲ್ಲಿ ಸೈಬರ್ ಟವರ್ಸ್ ಉದ್ಘಾಟನೆ ಆಯಿತು. ಆಬಿದ್ ಮಾಡಿದ್ದೂ ಹೆಚ್ಚುಕಡಿಮೆ ಅಕಮೈ ಕೆಲಸವೇ: ದೂರದ ವಿಲಾಯತಿ ಸಾಮಾನನ್ನು ಗಿರಾಕಿಯ ಮನೆ ಹತ್ತಿರ ತಂದಿಟ್ಟುಕೊಂಡು ಕೂರೋದು.

ಈಗ ಕನ್ನಡಕ್ಕೆ ಬರೋಣ, ಯಾಕೆಂದರೆ ವೇಗದ ಈ ಚರ್ಚೆ ಕನ್ನಡ ಪುಟಗಳಿಗೆ ಸ್ವಲ್ಪ ಬೇರೆ ಥರ ಅನ್ವಯ ಆಗುತ್ತೆ. ಯುನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೆ ವಿಂಡೋಸಿನಲ್ಲಿ ಸರಿಯಾಗಿ ಕಂಡಿದ್ದು 2001ರ ಎಕ್ಸ್‌ಪಿಯಿಂದ ಈಚೆಗೆ. ಅದಕ್ಕೆ ಮೊದಲು ಪವನಜ ಅವರ 'ವಿಶ್ವ ಕನ್ನಡ'ದಂಥ ಮೊದಲ ತಲೆಮಾರಿನ ತಾಣಗಳಿದ್ದ ಕಾಲದಲ್ಲಿ, ಓದಬೇಕು ಅಂದರೆ ಫಾಂಟು ಇಳಿಸಿಕೊಳ್ಳಿ, ಇಲ್ಲವೇ ಡೈನಾಮಿಕ್ ಫಾಂಟು, ಇಲ್ಲವೇ ಪಠ್ಯವನ್ನೇ ಚಿತ್ರ ಮಾಡಿ ಹಾಕೋದು. ಡೈನಾಮಿಕ್ ಫಾಂಟು ಅಂದರೆ ಮೈಕ್ರೋಸಾಫ್ಟಿನ ಇಓಟಿ, ಅದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಮಾತ್ರ, ನೆಟ್‌ಸ್ಕೇಪಿಗೆ ಬೇರೆಯದು. ಡಯಲ್-ಅಪ್‌ನಲ್ಲಿ ಆ ಫಾಂಟು ಇಳಿಯೋ ತನಕ ಪರದೆಯ ಮೇಲೆ ಬರೀ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಒಂದು ಸಲ ಇಳಿದು ಬ್ರೌಸರಿನ ಕ್ಯಾಶಿನಲ್ಲಿ ಕೂತ ಮೇಲೆ ಹಾಯಾಗಿ ಓದಬಹುದಿತ್ತು. ಅಂದರೆ ಕ್ಯಾಶ್ ನಮಗೆ ಐಷಾರಾಮ ಆಗಿರಲಿಲ್ಲ. ಅದು ಇಲ್ಲದೆ ಕನ್ನಡವೇ ಕಾಣುತ್ತಿರಲಿಲ್ಲ.

ಯುನಿಕೋಡ್ ಬಂದ ಮೇಲೆ ಇನ್ನೊಂದು ಲೆಕ್ಕ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. 'ಕನ್ನಡ' ಅನ್ನೋ ಪದ ಹದಿನೈದು ಬೈಟು, ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಏಳು. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ. ಒಳಗೆ ಆರು ಸಂಕೇತ, ಹದಿನೆಂಟು ಬೈಟು. ಇದನ್ನು ನೋಡಿ ಒಂದು ಕಾಲಕ್ಕೆ "ಯುನಿಕೋಡ್ ಕನ್ನಡಕ್ಕೆ ಭಾರ" ಅಂತ ವಾದ ಮಾಡೋರಿದ್ದರು. ನಾನೂ ಮಾಡಿದ್ದೆ, ಒಪ್ಪಿಕೊಳ್ತೀನಿ. ಆದರೆ ಆ ಮೂರರಲ್ಲಿ ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಬದಲಾಗೋದು ಮೂರನೆಯದು ಮಾತ್ರ. ಹೀಗೆ ಮತ್ತೆ ಮತ್ತೆ ಬರೋದನ್ನು ಹಿಂಡೋದೇ ಜಿಜಿಪ್‌ನ ಕಸುಬು. ಅಪಾಚೆಯಲ್ಲಿ ಮಾಡ್-ಡಿಫ್ಲೇಟ್ ಆನ್ ಮಾಡಿದರೆ ಭಾರದ ದೊಡ್ಡ ಪಾಲು ಕರಗಿಹೋಗುತ್ತೆ. ಇಂಗ್ಲಿಷ್ ಸೈಟಿಗೆ ಜಿಜಿಪ್ ಒಳ್ಳೆಯದು, ಕನ್ನಡ ಸೈಟಿಗೆ ಅನಿವಾರ್ಯ. ಎಷ್ಟೋ ಕನ್ನಡ ಸೈಟುಗಳಲ್ಲಿ ಅದು ವರ್ಷಗಟ್ಟಲೆ ಆಫ್ ಆಗೇ ಇರುತ್ತಿತ್ತು, ಯಾರೂ ನೋಡಿರುತ್ತಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮಾಡ್‌ಪೇಜ್‌ಸ್ಪೀಡಿನ ಎಲ್ಲ ಫಿಲ್ಟರಿಗಿಂತ ಆ ಒಂದು ಸಾಲು ಕನ್ನಡಕ್ಕೆ ಹೆಚ್ಚು ಉಪಕಾರ ಮಾಡಿದೆ.

ಮಾಡ್‌ಪೇಜ್‌ಸ್ಪೀಡಿನಿಂದ ಕನ್ನಡಕ್ಕೆ ಒಂದು ಸಣ್ಣ ತೊಂದರೆಯೂ ಇತ್ತು. ಚಿತ್ರದ ಫಿಲ್ಟರು ಎಚ್‌ಟಿಎಂಎಲ್‌ನಲ್ಲಿ ಬರೆದ ಅಗಲ-ಎತ್ತರ ನೋಡಿ, ಚಿತ್ರ ಅದಕ್ಕಿಂತ ದೊಡ್ಡದಿದ್ದರೆ ಅಷ್ಟಕ್ಕೇ ಕುಗ್ಗಿಸಿ ಕಳಿಸುತ್ತಿತ್ತು. ಹೂವಿನ ಫೋಟೋಗೆ ಸರಿ. ಆದರೆ ನಮ್ಮ ಸಂಘ-ಸಂಸ್ಥೆಗಳ ಸೈಟಿನಲ್ಲಿ ಚಿತ್ರ ಅಂದರೆ ಏನು? ರಾಜ್ಯೋತ್ಸವದ ಕರಪತ್ರ, ಸ್ಕ್ಯಾನ್ ಮಾಡಿದ ಆಮಂತ್ರಣ, ಪೇಪರ್ ಕಟಿಂಗು. ಜನ ಫೋನಿನಲ್ಲಿ ಹಿಗ್ಗಿಸಿ ಓದೋಕೆ ಹೋದರೆ ಒತ್ತಕ್ಷರಗಳೆಲ್ಲ ಮಸುಕು. 'ಷ್ಟ' ಯಾವುದು 'ಷ್ಠ' ಯಾವುದು ಗೊತ್ತಾಗದು. ಇಂಗ್ಲಿಷಿನಲ್ಲಿ ಅಷ್ಟು ಕುಗ್ಗಿಸಿದರೂ ಓದಬಹುದು, ಕನ್ನಡದ ಅರ್ಧ ಅರ್ಥ ಕೆಳಗಿನ ಒತ್ತಿನಲ್ಲೇ ಇರೋದು. ಕೊನೆಗೆ ಕರಪತ್ರಗಳ ಡೈರೆಕ್ಟರಿಗೆ ಮಾತ್ರ ಮಾಡ್ಯೂಲು ಕೈ ಹಾಕದ ಹಾಗೆ 'ಡಿಸ್‌ಅಲೌ' ಬರೆದೆ.

ಇಷ್ಟಾದರೂ ಅದು ಜನಪ್ರಿಯ ಆಯಿತು. 2012ರ ಅಕ್ಟೋಬರಿನಲ್ಲಿ ಬೀಟಾದಿಂದ ಹೊರಬಂದಾಗ 1,20,000ಕ್ಕೂ ಹೆಚ್ಚು ಸೈಟುಗಳು ಬಳಸ್ತಾ ಇವೆ ಅಂತ ಗೂಗಲ್ ಹೇಳಿಕೊಂಡಿತು. 2013ರಲ್ಲಿ ಎಂಜಿನ್‌ಎಕ್ಸ್ ಸರ್ವರಿಗೂ ಅದರ ರೂಪ ಬಂತು. ಎಂಜಿನ್‌ಎಕ್ಸ್ ಅಂದರೆ ರಷ್ಯದ ಇಗೊರ್ ಸಿಸೋವ್ 2004ರಲ್ಲಿ ಬಿಟ್ಟದ್ದು, ಅದರ ಕತೆ ಇನ್ನೊಂದು ದಿನ.

ಈಗ ನನ್ನ ತಪ್ಪಿನ ವಿಷಯ. ವಿಡಿಯೋದಲ್ಲಿ ಇದನ್ನು ಹೇಳಬೇಕೋ ಬೇಡವೋ ಅಂತ ಎರಡು ಸಲ ರೆಕಾರ್ಡ್ ಮಾಡಿ ಅಳಿಸಿದ್ದೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತಲ್ಲ. ಹೈದರಾಬಾದಿನ ಕಟ್ಟಡ ಕೆಲಸದಲ್ಲಿ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯ ಜನ ಎಷ್ಟಿದ್ದಾರೆ ಅಂತ ಇಲ್ಲಿರೋರಿಗೆ ಗೊತ್ತು. ಕೆಲಸ ನಿಂತಿತು, ಬಸ್ಸಿಲ್ಲ, ರೈಲಿಲ್ಲ. ನಾವು ಕೆಲವು ಗೆಳೆಯರು ಸೇರಿ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಹಂಚೋಕೆ ಶುರು ಮಾಡಿದೆವು. ಎಲ್ಲಿ, ಯಾವಾಗ, ಯಾರಿಗೆ ಫೋನ್ ಮಾಡಬೇಕು, ಇದಕ್ಕೆ ಒಂದೇ ಒಂದು ಕನ್ನಡ ಪುಟ. ನನ್ನದೇ ಒಂದು ಜಿಬಿ ಮೆಮೊರಿಯ ಸಣ್ಣ ಸರ್ವರಿನ ಮೇಲೆ ವರ್ಡ್‌ಪ್ರೆಸ್, ಅಪಾಚೆ, ಮಾಡ್‌ಪೇಜ್‌ಸ್ಪೀಡ್. ಕೊಂಡಿ ವಾಟ್ಸಾಪಿನಲ್ಲಿ ಹರಡಿತು. ಏಪ್ರಿಲ್ ಎರಡನೇ ವಾರಕ್ಕೆ ಸರ್ವರ್ ಏದುಸಿರು ಬಿಡೋಕೆ ಹತ್ತಿತು. ಪ್ರತಿ ಸಲ ಪುಟ ತೆರೆದಾಗಲೂ ಪಿಎಚ್‌ಪಿ ಓಡಬೇಕು, ಡೇಟಾಬೇಸಿಗೆ ಹೋಗಬೇಕು.

ರಾತ್ರಿ ಹನ್ನೊಂದಕ್ಕೆ ಕೂತು ನಾನು ಎರಡು ಕೆಲಸ ಮಾಡಿದೆ. ಮಾಡ್-ಎಕ್ಸ್‌ಪೈರ್ಸ್‌ನಲ್ಲಿ ಎಚ್‌ಟಿಎಂಎಲ್‌ಗೂ ಒಂದು ದಿನದ ಆಯುಷ್ಯ ಕೊಟ್ಟೆ. ಮಾಡ್‌ಪೇಜ್‌ಸ್ಪೀಡ್ ಆ ಹೆಡರನ್ನು ಅಳಿಸಿ ಸೊನ್ನೆ ಮಾಡುತ್ತಿತ್ತಲ್ಲ, ಅದು ಹಾಗೆ ಮಾಡದಂತೆ 'ಮಾಡಿಫೈ ಕ್ಯಾಶಿಂಗ್ ಹೆಡರ್ಸ್' ಅನ್ನೋ ಸೆಟ್ಟಿಂಗನ್ನು ಆಫ್ ಮಾಡಿದೆ. ಇದನ್ನು ಆಫ್ ಮಾಡಬೇಡಿ ಅಂತ ಅದರ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಓದಿದ್ದೆ. ಲೋಡ್ ತಕ್ಷಣ ಇಳಿಯಿತು. ಗ್ರಾಫ್ ನೋಡಿ ಖುಷಿಯಾಗಿ ಮಲಗಿದೆ.

ಮೂರನೇ ದಿನ ಕಿಟ್ ಹಂಚುವ ಜಾಗ ಬದಲಾಯಿತು. ಅಷ್ಟೂ ದಿನ ಅಬಿಡ್ಸಿನ ದೊಡ್ಡ ಅಂಚೆ ಕಚೇರಿಯ ಹತ್ತಿರ ಒಂದು ಗೆಳೆಯರ ಗೋದಾಮು ಇತ್ತು. ಜನ ಹೆಚ್ಚಾದರೆ ಅಂತರ ಕಾಯೋಕೆ ಆಗಲ್ಲ ಅಂತ ಕಾಚಿಗುಡದ ಕಡೆ ಒಂದು ದೊಡ್ಡ ಅಂಗಳಕ್ಕೆ ಬದಲಾಯಿಸಿದೆವು. ಬೆಳಿಗ್ಗೆ ಏಳಕ್ಕೆ ಪುಟ ತಿದ್ದಿದೆ. ಮಾಡ್ಯೂಲಿನ ಕ್ಯಾಶ್ ಫ್ಲಶ್ ಮಾಡೋ ಫೈಲನ್ನೂ ಮುಟ್ಟಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ರೀಲೋಡ್ ಒತ್ತಿ ನೋಡಿದೆ, ಹೊಸ ವಿಳಾಸ ಕಂಡಿತು. ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಹಿಂದಿನ ಸಂಜೆ ಪುಟ ತೆರೆದಿದ್ದ ಪ್ರತಿ ಫೋನಿನೊಳಗೂ "ಇದು ಒಂದು ದಿನ ತಾಜಾ" ಅನ್ನೋ ಚೀಟಿ ಸಮೇತ ಹಳೇ ಪುಟ ಕೂತಿತ್ತು. ಅವರು ಬೆಳಿಗ್ಗೆ ಅದೇ ಕೊಂಡಿ ಒತ್ತಿದಾಗ ಬ್ರೌಸರ್ ನನ್ನ ಸರ್ವರನ್ನು ಕೇಳಲೇ ಇಲ್ಲ. ಕೇಳಬೇಡ ಅಂತ ನಾನೇ ಹೇಳಿದ್ದೆನಲ್ಲ! ಸರ್ವರಿನ ಕ್ಯಾಶನ್ನು ನೂರು ಸಲ ತೊಳೆದರೂ ಆ ಫೋನುಗಳಿಗೆ ತಲುಪೋದಿಲ್ಲ. ಬ್ರೌಸರಿನ ಸಂಗ್ರಹ ಅಳಿಸು ಅಂತ ಹೇಳೋ ಹೆಡರ್ ಕೂಡ ಒಂದಿದೆ, ಆದರೆ ಅದನ್ನು ಕೇಳಿಸಿಕೊಳ್ಳೋಕೂ ಬ್ರೌಸರ್ ಮೊದಲು ಸರ್ವರಿನ ಬಾಗಿಲಿಗೆ ಬರಬೇಕು. ರೀಲೋಡ್ ಒತ್ತಿದರೆ ಸರಿಹೋಗುತ್ತಿತ್ತು. ಪುಟ ಸರಿಯಾಗಿ ಕಾಣ್ತಾ ಇರುವಾಗ ಯಾರು ರೀಲೋಡ್ ಒತ್ತುತ್ತಾರೆ?

ಹನ್ನೊಂದೂವರೆಗೆ ಫೋನ್ ಬಂತು. ಯಾದಗಿರಿ ಕಡೆಯ ಒಬ್ಬ ಗಾರೆ ಕೆಲಸದವರು, ಹೆಂಡತಿ, ಎರಡು ಮಕ್ಕಳು, ಮುಶೀರಾಬಾದ್ ಕಡೆಯಿಂದ ನಡೆದು ಅಬಿಡ್ಸಿಗೆ ಬಂದು, ಮುಚ್ಚಿದ ಶಟರ್ ಮುಂದೆ ಒಂಬತ್ತರಿಂದ ನಿಂತಿದ್ದಾರೆ. "ಸರ, ಮೊಬೈಲ್ನಾಗ ಇಲ್ಲೇ ಅಂತ ಅದ." ಅವರ ಜೊತೆ ಇನ್ನೂ ಕೆಲವರು. ಕೆಲವರು ಆಗಲೇ ವಾಪಸ್ ಹೋಗಿದ್ದರು. ನಮ್ಮ ಹುಡುಗನೊಬ್ಬ ಬೈಕಿನಲ್ಲಿ ಕಿಟ್ ತಗೊಂಡು ಹೋದ, ಇದ್ದವರಿಗೆ ಕೊಟ್ಟ. ವಾಪಸ್ ಹೋದವರು ಎಷ್ಟು ಜನ, ಯಾರು ಅಂತ ನಮ್ಮ ಹತ್ತಿರ ಲೆಕ್ಕ ಇಲ್ಲ. ಏಪ್ರಿಲ್ ಬಿಸಿಲು.

ಅವತ್ತು ಮಧ್ಯಾಹ್ನ ಆ ಎರಡೂ ಸಾಲು ತೆಗೆದೆ. ಅದರಿಂದ ಹೊಸಬರಿಗೆ ಮಾತ್ರ ಉಪಯೋಗ. ಹಳೇ ಪ್ರತಿಗಳ ಆಯುಷ್ಯ ಮುಗಿಯೋಕೆ ಮರುದಿನದ ತನಕ ಕಾಯಲೇಬೇಕಿತ್ತು. ಅಷ್ಟರವರೆಗೆ ಒಬ್ಬರನ್ನು ಶಟರ್ ಮುಂದೆ ಕೂರಿಸಿದೆವು, ಬಂದವರಿಗೆ ದಾರಿ ಹೇಳೋಕೆ. ಬಾಗಿಲಿಗೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ 'ಕಾಚಿಗುಡ' ಅಂತ ಬರೆದೆವು.

ಮಾಡಬೇಕಾಗಿದ್ದದ್ದು ಏನು? ತುಂಬಾ ಸರಳ. ಆ ಒಂದು ಪುಟವನ್ನು ವರ್ಡ್‌ಪ್ರೆಸ್ಸಿನಿಂದ ಹೊರಗೆ ತೆಗೆದು ಬರೀ ಸ್ಟಾಟಿಕ್ ಫೈಲ್ ಮಾಡಿದ್ದರೆ ಸಾಕಿತ್ತು. ಪಿಎಚ್‌ಪಿ ಇಲ್ಲ, ಡೇಟಾಬೇಸ್ ಇಲ್ಲ. 'ನೋ-ಕ್ಯಾಶ್' ಹೆಡರ್ ಇದ್ದರೆ ಬ್ರೌಸರ್ ಪ್ರತಿ ಸಲ "ಬದಲಾಗಿದೆಯಾ" ಅಂತ ಕೇಳುತ್ತೆ, ಅಪಾಚೆ "304, ಇಲ್ಲ" ಅನ್ನುತ್ತೆ. ಒಂದು ಜಿಬಿ ಸರ್ವರಿಗೆ ಅದು ಲೆಕ್ಕಕ್ಕೇ ಇಲ್ಲ. ಆ 'ಇಫ್-ಮಾಡಿಫೈಡ್-ಸಿನ್ಸ್' 1996ರ ದಾಖಲೆಯಲ್ಲೇ ಇತ್ತು ಅಂತ ಆಗಲೇ ಹೇಳಿದೆನಲ್ಲ. ಇಪ್ಪತ್ನಾಲ್ಕು ವರ್ಷ ಹಳೆಯ ಉತ್ತರ ಕೈಯಲ್ಲಿದ್ದೂ ನಾನು ಹೊಸ ಮಾಡ್ಯೂಲಿನ ಸ್ವಿಚ್ಚು ತಿರುವುತ್ತಾ ಕೂತಿದ್ದೆ. ವರ್ಡ್‌ಪ್ರೆಸ್ ಬೇಕೇ ಬೇಕು ಅಂದಿದ್ದರೆ, ಕ್ಯಾಶ್ ಇಡಬೇಕಾದ್ದು ನನ್ನ ಕೈಗೆ ಸಿಗುವ ಕಡೆ, ಅಂದರೆ ಸರ್ವರಿನಲ್ಲಿ, ಅದೂ ಒಂದು ನಿಮಿಷಕ್ಕೆ. ನಿಮಿಷಕ್ಕೆ ಒಂದು ಸಲ ಮಾತ್ರ ಪಿಎಚ್‌ಪಿ ಓಡುತ್ತಿತ್ತು.

ಮಾಡ್‌ಪೇಜ್‌ಸ್ಪೀಡ್ ಕತೆ ಆ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿತ್ತು. ಗೂಗಲ್ಲಿನದೇ ಹೋಸ್ಟ್ ಮಾಡಿದ ಪೇಜ್‌ಸ್ಪೀಡ್ ಸೇವೆ 2011ರಲ್ಲಿ ಶುರುವಾಗಿ 2015ರಲ್ಲಿ ನಿಂತಿತು. 2015ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 2ರ ದಾಖಲೆ ಬಂತು. ಒಂದೇ ಕನೆಕ್ಷನ್ನಿನಲ್ಲಿ ಹಲವು ಫೈಲು ಒಟ್ಟಿಗೆ ಹರಿಯೋಕೆ ಹತ್ತಿದ ಮೇಲೆ, ಹತ್ತು ಸ್ಟೈಲ್‌ಶೀಟನ್ನು ಒಂದು ಮಾಡೋ ಫಿಲ್ಟರಿಗೆ ಅಷ್ಟು ಅರ್ಥ ಉಳಿಯಲಿಲ್ಲ. ಚಿತ್ರ ಕುಗ್ಗಿಸೋದು, ಹೆಸರಿಗೆ ಹ್ಯಾಶ್ ಅಂಟಿಸೋದು ಬಿಲ್ಡ್ ಟೂಲುಗಳಿಗೆ ಹೋಯಿತು. ಉಳಿದದ್ದು ಸಿಡಿಎನ್‌ಗಳಿಗೆ. ಚಿತ್ರವನ್ನು ತಡವಾಗಿ ತರೋ ಲೇಜಿ ಲೋಡಿಂಗು 2019ರಲ್ಲಿ ಕ್ರೋಮ್ ಬ್ರೌಸರಿನೊಳಗೇ ಬಂತು. 2017ರಲ್ಲಿ ಪೇಜ್‌ಸ್ಪೀಡ್ ಮಾಡ್ಯೂಲುಗಳನ್ನು ಗೂಗಲ್ ಅಪಾಚೆ ಇನ್‌ಕ್ಯುಬೇಟರಿಗೆ ಕೊಟ್ಟಿತ್ತು. ಅಲ್ಲಿಂದ ಅದು ಪೂರ್ಣ ಯೋಜನೆಯಾಗಿ ಹೊರಬರಲೇ ಇಲ್ಲ. ಆಸಕ್ತಿ ಇದ್ದ ಕೈಗಳು ಕಡಿಮೆ ಆದವು, ಅಷ್ಟೇ.

ಲೈವಿನಲ್ಲಿ ಒಬ್ಬರು ಕೇಳಿದರು: ಗೂಗಲ್ ಫಾಂಟ್ಸ್‌ನಿಂದ ಕನ್ನಡ ಫಾಂಟು ಹಾಕಿದರೆ ಬೇರೆ ಸೈಟಿಗೆ ಹೋದಾಗಲೇ ಇಳಿದಿರುತ್ತೆ, ನಮ್ಮ ಸೈಟಿಗೆ ಬಿಟ್ಟಿ ಲಾಭ ಅಲ್ವಾ? ಮೊದಲು ಹಾಗಿತ್ತು. 2020ರ ಅಕ್ಟೋಬರಿನಲ್ಲಿ ಕ್ರೋಮ್ 86ರಿಂದ ಬ್ರೌಸರ್ ಕ್ಯಾಶನ್ನು ಸೈಟಿಗೊಂದು ಅಂತ ಬೇರೆ ಮಾಡಿದರು, ಯಾರು ಯಾವ ಸೈಟಿಗೆ ಹೋಗಿದ್ದರು ಅಂತ ಪತ್ತೆ ಹಚ್ಚೋದನ್ನು ತಪ್ಪಿಸೋಕೆ. ಹಾಗಾಗಿ ಈಗ ಒಂದು ಸೈಟಿನಲ್ಲಿ ಇಳಿದ ಫಾಂಟು ಇನ್ನೊಂದಕ್ಕೆ ಸಿಗದು. ಕನ್ನಡ ಫಾಂಟು ಒತ್ತಕ್ಷರಗಳಿಂದಾಗಿ ದಪ್ಪ ಇರುತ್ತೆ. ನಿಮ್ಮ ಸರ್ವರಿನಲ್ಲೇ ಇಟ್ಟು, ಹೆಸರಿಗೆ ಹ್ಯಾಶ್ ಹಾಕಿ, ಒಂದು ವರ್ಷದ ಆಯುಷ್ಯ ಕೊಡಿ. ಅದು ರೊಟ್ಟಿ ಜಾತಿ.

ಇನ್ನೊಬ್ಬರು, ಸಿಯಾಟಲ್‌ನಿಂದ: ಹಳೇ ಸರ್ವರಿನಲ್ಲಿ ಮಾಡ್‌ಪೇಜ್‌ಸ್ಪೀಡ್ ಇನ್ನೂ ಓಡ್ತಾ ಇದೆ, ಬಿಡಲಾ ತೆಗೀಲಾ? ತೆಗೀರಿ. ತೆಗೆಯೋ ಮೊದಲು ಮಾಡ್-ಡಿಫ್ಲೇಟ್ ಆನ್ ಇದೆಯಾ ನೋಡಿ, ಸಾಧ್ಯವಾದರೆ ಬ್ರಾಟ್ಲಿ ಹಾಕಿ, ಚಿತ್ರಗಳನ್ನು ಒಂದು ಸಲ ಕೂತು ವೆಬ್‌ಪಿ ಮಾಡಿಕೊಳ್ಳಿ. ಹುಡುಕಾಟದ ಸೂಚಿಯಲ್ಲಿ, ಬೇರೆಯವರ ಪುಟಗಳಲ್ಲಿ ಹ್ಯಾಶ್ ಇರೋ ಹಳೇ ವಿಳಾಸಗಳು ಸೇರಿಕೊಂಡಿರುತ್ತವೆ, ಅವುಗಳ ಮಧ್ಯದ ಬಾಲ ಕತ್ತರಿಸಿ ಮೂಲ ಫೈಲಿಗೆ ಕಳಿಸೋ ಒಂದು ರೀರೈಟ್ ನಿಯಮ ಬರೆದಿಡಿ. ನಾನು ಬರೆದದ್ದನ್ನು ವಿಡಿಯೋ ಕೆಳಗಿನ ವಿವರಣೆಯಲ್ಲಿ ಹಾಕಿದ್ದೇನೆ.

ಮುಂದಿನ ಸಲ ವಾರ್ನಿಷ್. ನಾರ್ವೆಯ ಒಂದು ದಿನಪತ್ರಿಕೆಗೋಸ್ಕರ 2006ರಲ್ಲಿ ಹುಟ್ಟಿದ ಕ್ಯಾಶ್ ಅದು. ವಿಕಿಪೀಡಿಯ ಸ್ಕ್ವಿಡ್ ಬಿಟ್ಟು ಅದಕ್ಕೆ ಹೋಗಿದ್ದು, ಆ ಬಳಗದಲ್ಲೇ ಇರೋ ನಮ್ಮ ಕನ್ನಡ ವಿಕಿಪೀಡಿಯದ ಪುಟಗಳೂ ಅದೇ ದಾರಿಯಲ್ಲಿ ಬಂದಿದ್ದು, ಎಲ್ಲ ಸೇರಿಸಿ ಮಾತಾಡೋಣ.